ನಮ್ಮ ಮನೆ ತಾರಸಿಗೆ ಬಿದ್ದಿದ್ದು ಇರಾಕಿನ ಎಣ್ಣೆ ದುಡ್ಡು. ಸದ್ದಾಂ ಹುಸೇನ್ ಕೈ ಎಲ್ಲೆಲ್ಲಿಗೆ ಚಾಚಿತ್ತು?

ಕೋಡಿಕಡಲು · ಶನಿವಾರ, ರಾತ್ರಿ 9:12

ಹೋದ ವಾರ ಊರಿಗೆ ಹೋಗಿದ್ದೆ, ಕುಂದಾಪುರದ ಹತ್ತಿರ. ತಾರಸಿ ಸೋರುತ್ತಿದೆ ಅಂತ ಅಪ್ಪ ಫೋನ್ ಮಾಡಿದ್ದರು. ಗಾರೆ ಕೆಲಸದವನು ಮೇಲೆ ಹತ್ತಿ ನೋಡಿ, "ಇದು ಯಾವಾಗ ಹಾಕಿದ್ದು ಮಾರಾಯ್ರೆ?" ಅಂತ ಕೇಳಿದ. ಅಪ್ಪ ತಟ್ಟನೆ, "ಸದ್ದಾಂ ದುಡ್ಡು ಬಂದಾಗ" ಅಂದರು. ಅವನು ಮಿಕಿಮಿಕಿ ನೋಡಿದ. ನನಗೆ ನಗು ಬಂತು. ಆದರೆ ರಾತ್ರಿ ಮಲಗಿದ ಮೇಲೆ ಅದೇ ಮಾತು ತಲೆ ಕೊರೆಯತೊಡಗಿತು. ಅದಕ್ಕೇ ಈ ಪೋಸ್ಟ್.

ಅಪ್ಪ ಕುವೈತ್‌ನ ಫಹಾಹೀಲ್‌ನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1990ರ ಆಗಸ್ಟ್ 2, ಗುರುವಾರ. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನನ ಸೇನೆ ಕುವೈತ್‌ಗೆ ನುಗ್ಗಿದ ದಿನ. ನನಗೆ ಒಂಬತ್ತು ವರ್ಷ. ಹೆಲಿಕಾಪ್ಟರ್ ಸದ್ದಿಗೆ ಎಚ್ಚರವಾಯಿತು. ಅಮ್ಮ ಮೊದಲು ಮಾಡಿದ ಕೆಲಸ ಅಂದರೆ ಬಕೆಟ್, ಕೊಡಪಾನ, ಕುಕ್ಕರ್, ಕೈಗೆ ಸಿಕ್ಕಿದ್ದಕ್ಕೆಲ್ಲ ನೀರು ತುಂಬಿಸಿಟ್ಟಿದ್ದು. ಆರು ವಾರ ಅಲ್ಲೇ ಇದ್ದೆವು. ಕುಬ್ಬೂಸ್‌ಗೆ (ಅಲ್ಲಿನ ರೊಟ್ಟಿ) ಬೆಳಗಿನ ಜಾವದಿಂದ ಸಾಲು. ಆಮೇಲೆ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಗಡಿಯಲ್ಲಿ ಮರಳುಗಾಡಿನ ಡೇರೆ. ಹಗಲು ಕಾದ ಕಾವಲಿ, ರಾತ್ರಿ ಹಲ್ಲು ಕಟಕಟ. ಕೊನೆಗೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ. 59 ದಿನದಲ್ಲಿ 488 ಸಲ ಹಾರಿ 1,11,711 ಜನರನ್ನು ತಂದ ದಾಖಲೆ ಇದೆಯಲ್ಲ, ಆ ಕೊನೆಯ ಹನ್ನೊಂದರಲ್ಲಿ ನಾವು ನಾಲ್ವರು ಅಂತ ಅಪ್ಪ ತಮಾಷೆ ಮಾಡುತ್ತಾರೆ.

ಈಗ ದುಡ್ಡಿನ ವಿಷಯ. 1991ರಲ್ಲಿ ಅಮೆರಿಕಾ ಕಡೆಯ ಸೇನೆಗಳು ಇರಾಕನ್ನು ಕುವೈತ್‌ನಿಂದ ಓಡಿಸಿ ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತು. ನಷ್ಟ ಆದವರಿಗೆಲ್ಲ ಇರಾಕ್ ಕಟ್ಟಿಕೊಡಬೇಕು ಅಂತ. ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯ ಇದಕ್ಕೇ ಒಂದು ಕುವೈತ್ ಸೆಲ್ ತೆರೆದಿತ್ತು. ಊರು ಬಿಟ್ಟು ಬಂದ ಕುಟುಂಬಕ್ಕೆ 5 ಸಾವಿರ ಡಾಲರ್. ಬೇರೆ ಯಾವ ಕ್ಲೇಮೂ ಹಾಕುವುದಿಲ್ಲ ಅಂತ ಬರೆದುಕೊಟ್ಟರೆ 8 ಸಾವಿರ. ಅಪ್ಪ ಎಂಟಕ್ಕೇ ಸೈ ಅಂದರು. ತೊಂಬತ್ತರ ದಶಕದ ಕೊನೆಗೆ ಎರಡು ಕಂತಿನಲ್ಲಿ ಬಂತು. ಹಂಚಿನ ಮಾಡು ಇಳಿಸಿದೆವು, ತಾರಸಿ ಎದ್ದಿತು.

ಆ ದುಡ್ಡು ಎಲ್ಲಿಂದ ಬಂತು ಅಂತ ನಾನು ಈ ವಾರ ಮೊದಲ ಸಲ ಕೂತು ಓದಿದೆ. ಇರಾಕ್ ಮಾರಿದ ಎಣ್ಣೆಯ ಹಣದಲ್ಲಿ ನೂರಕ್ಕೆ 30 ಪಾಲು ಮೊದಲು ಇದಕ್ಕೆ ಮುರಿದುಕೊಳ್ಳುತ್ತಿದ್ದರು. ಅದೇ ವರ್ಷಗಳಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಔಷಧಿ ಇರಲಿಲ್ಲ. ಸದ್ದಾಂ ತನ್ನ ಅರಮನೆ ಮಾರಿ ನಮಗೆ ಕೊಟ್ಟಿದ್ದಲ್ಲ. ಒಬ್ಬ ಮನುಷ್ಯನ ಹಠ ಬಾಗ್ದಾದ್‌ನಿಂದ ಹೊರಟು ನಮ್ಮ ತಾರಸಿಯವರೆಗೆ ಬಂದಿದೆ ಅಂದರೆ, ಇನ್ನೂ ಎಲ್ಲೆಲ್ಲಿಗೆ ಹೋಗಿರಬಹುದು? ನಿಮ್ಮ ಮನೆಗೂ ಬಂದಿತ್ತಾ?

ಬೀದರ ಬಿಸಿಲು · ರಾತ್ರಿ 9:31

ಎಂಟು ಸಾವಿರ ಡಾಲರ್ರಿ? ನಮ್ ಮನಿಗೆ ಸದ್ದಾಂ ಬಂದಿದ್ದು ಬರೇ ಪೆಟ್ರೋಲ್ ರೇಟಿನಾಗ. ನಮ್ಮ ಕಾಕಾ ಹೊಸಾ ಲೂನಾ ತಗೊಂಡಿದ್ದ. ಆರು ತಿಂಗಳು ತಳ್ಳಿದ್ದೇ ಜಾಸ್ತಿ.

ಗಾಂಧಿಬಜಾರ್ ಕಾಫಿ · ರಾತ್ರಿ 9:48

ಒಳ್ಳೆ ಪೋಸ್ಟ್. ಆದರೆ ಸದ್ದಾಂ ಅಂದರೆ ಬರೀ ಕುವೈತ್ ಅಂತ ನೋಡಬೇಡಿ. ಕಾಶ್ಮೀರದ ವಿಷಯದಲ್ಲಿ ಅರಬ್ ದೇಶಗಳೆಲ್ಲ ಪಾಕಿಸ್ತಾನದ ಕಡೆ ವಾಲಿದಾಗ ನಮ್ಮ ಪರ ನಿಂತ ದೇಶ ಇರಾಕ್. 1972ರಲ್ಲಿ ವಿದೇಶಿ ಕಂಪನಿಗಳ ಕೈಯಿಂದ ಎಣ್ಣೆ ಕಿತ್ತುಕೊಂಡು ಸರ್ಕಾರದ ವಶ ಮಾಡಿಕೊಂಡರು. ಅದರ ಹಿಂದೆ ಇದ್ದಿದ್ದು ಇವನೇ. ಆ ದುಡ್ಡಲ್ಲಿ ಶಾಲೆ, ಆಸ್ಪತ್ರೆ, ರಸ್ತೆ, ಹಳ್ಳಿಗೆ ಕರೆಂಟು. ದೊಡ್ಡವರಿಗೆ ಅಕ್ಷರ ಕಲಿಸಿದ್ದಕ್ಕೆ ಯುನೆಸ್ಕೋ ಬಹುಮಾನ ಕೊಟ್ಟಿತ್ತು. ಅಮೆರಿಕಾಗೆ ಎದುರು ನಿಂತ ಒಂದೇ ತಪ್ಪಿಗೆ ಅವನನ್ನು ರಾಕ್ಷಸ ಮಾಡಿಬಿಟ್ಟರು ಅಷ್ಟೇ.

ದಾವಣಗೆರೆ ಟು ಡೆಟ್ರಾಯಿಟ್ · ರಾತ್ರಿ 10:20

ಕಾಫಿ ಅವರೇ, ಶಾಲೆ ಆಸ್ಪತ್ರೆ ನಿಜ. ಅಕ್ಷರ ಕಲಿಸಿದ್ದೂ ನಿಜ. ತರಗತಿಗೆ ಬಾರದವರಿಗೆ ದಂಡ, ಜೈಲು ಅಂತ ಕಾನೂನು ಇದ್ದಿದ್ದೂ ನಿಜ.

"ಒಂದೇ ತಪ್ಪು" ಅಂದಿರಲ್ಲ, ಅಲ್ಲಿಗೆ ಬರುತ್ತೇನೆ. 1988ರ ಮಾರ್ಚ್ 16, ಹಲಬ್ಜಾ. ಇರಾಕಿನ ಉತ್ತರದಲ್ಲಿರುವ ಕುರ್ದ್ ಜನಾಂಗದವರ ಊರು. ವಿಮಾನದಿಂದ ವಿಷಾನಿಲ ಸುರಿದರು. ಸುಮಾರು 5 ಸಾವಿರ ಜನ ಸತ್ತರು, ಬಾಗಿಲ ಮುಂದೆ ಮಗು ಎತ್ತಿಕೊಂಡ ಹಾಗೇ. ಅವತ್ತು ಅವನು ಅಮೆರಿಕಾಗೆ ಎದುರು ನಿಂತಿರಲಿಲ್ಲ, ಪಕ್ಕದಲ್ಲೇ ನಿಂತಿದ್ದ. 1983ರ ಡಿಸೆಂಬರ್‌ನಲ್ಲಿ ಅಮೆರಿಕಾದ ದೂತನಾಗಿ ರಮ್ಸ್‌ಫೆಲ್ಡ್ ಬಾಗ್ದಾದ್‌ಗೆ ಬಂದು ಕೈಕುಲುಕಿದ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ಇಪ್ಪತ್ತು ವರ್ಷ ಆದಮೇಲೆ ಅದೇ ರಮ್ಸ್‌ಫೆಲ್ಡ್ ರಕ್ಷಣಾ ಮಂತ್ರಿಯಾಗಿ ಸೇನೆ ಕಳಿಸಿದ. ಆ ವಿಷಾನಿಲಕ್ಕೆ ಬೇಕಾದ ರಾಸಾಯನಿಕ ಮಾರಿದ್ದು ಯುರೋಪಿನ ವ್ಯಾಪಾರಿಗಳು. ಅವರಲ್ಲಿ ಒಬ್ಬ ಡಚ್ ವ್ಯಾಪಾರಿಗೆ 2005ರಲ್ಲಿ ಜೈಲಾಯಿತು.

ಇನ್ನೊಂದು ತಮಾಷೆ ಗೊತ್ತಾ? ನಾನಿರುವ ಡೆಟ್ರಾಯಿಟ್ ನಗರ 1980ರಲ್ಲಿ ಸದ್ದಾಂಗೆ "ನಗರದ ಕೀಲಿ" ಕೊಟ್ಟು ಗೌರವಿಸಿತ್ತು. ಇಲ್ಲಿ ಕಾಲ್ಡಿಯನ್ನರು ಅಂತ ಇರಾಕಿನ ಕ್ರೈಸ್ತರು ತುಂಬಾ ಜನ ಇದ್ದಾರೆ. ಅವರ ಚರ್ಚಿಗೆ ಅವನು ಕಾಣಿಕೆ ಕೊಟ್ಟಿದ್ದ, ಅದಕ್ಕೆ ಪ್ರತಿಯಾಗಿ ಕೀಲಿ. ಆ ಕೀಲಿ ಯಾವ ಬಾಗಿಲಿಗೂ ಹೊಂದುವುದಿಲ್ಲ ಬಿಡಿ.

ಗಾಂಧಿಬಜಾರ್ ಕಾಫಿ · ರಾತ್ರಿ 10:26

ಹಲಬ್ಜಾ ನಾನು ಸಮರ್ಥಿಸಲಿಲ್ಲ. ಆದರೆ ನೀವೇ ಹೇಳಿದ ಹಾಗೆ, ವಿಷ ಮಾರಿದವರ ಕೈ ಕ್ಲೀನಾ?

ದಾವಣಗೆರೆ ಟು ಡೆಟ್ರಾಯಿಟ್ · ರಾತ್ರಿ 10:29

ಕ್ಲೀನ್ ಅಲ್ಲ. ಆದರೆ ಅವರ ಕೈ ಕೊಳೆ ಅಂತ ಇವನ ಕೈ ತೊಳೆದಂತಾಗುವುದಿಲ್ಲ ಅಲ್ವಾ?

ಹಳೇಪೇಪರ್ · ರಾತ್ರಿ 11:05

ನಾನು ಮೈಸೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು, ಈಗ ನಿವೃತ್ತ. ಬೀದರದವರು ಪೆಟ್ರೋಲ್ ರೇಟು ಅಂದರಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಉದ್ದ ಆದರೆ ಬೈಯಬೇಡಿ.

1990ರ ಜುಲೈನಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ 17 ಡಾಲರ್ ಆಸುಪಾಸು ಇತ್ತು. ಅಕ್ಟೋಬರ್‌ಗೆ 40 ದಾಟಿತು. ನಾವು ಎಣ್ಣೆ ತರಿಸುತ್ತಿದ್ದ ದೇಶಗಳಲ್ಲಿ ಇರಾಕ್, ಕುವೈತ್ ಎರಡೂ ದೊಡ್ಡವು. ಎರಡೂ ಒಂದೇ ದಿನ ಬಂದ್. ವಿ.ಪಿ. ಸಿಂಗ್ ಸರ್ಕಾರ ಪೆಟ್ರೋಲಿನ ಮೇಲೆ "ಗಲ್ಫ್ ಸರ್ಚಾರ್ಜ್" ಅಂತ ಹಾಕಿತು. ಅತ್ತ ಕೋಡಿಕಡಲು ಅವರ ತಂದೆಯಂಥವರು ಪ್ರತಿ ತಿಂಗಳು ಕಳಿಸುತ್ತಿದ್ದ ಡ್ರಾಫ್ಟ್ ನಿಂತಿತು. ಲಕ್ಷಾಂತರ ಜನರನ್ನು ವಾಪಸ್ ಕರೆತರುವ ಖರ್ಚು ಬೇರೆ. ಹೊರದೇಶದ ನಮ್ಮವರು ಇಲ್ಲಿ ಇಟ್ಟಿದ್ದ ಡೆಪಾಸಿಟ್ ಹೆದರಿಕೊಂಡು ತೆಗೆಯತೊಡಗಿದರು. ಮುಂದಿನ ವರ್ಷ ದೇಶದ ಕೈಯಲ್ಲಿ ಉಳಿದಿದ್ದ ವಿದೇಶಿ ಹಣ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು.

1991ರ ಮೇ ತಿಂಗಳಲ್ಲಿ 20 ಟನ್ ಚಿನ್ನ ಹೊರಗೆ ಮಾರಿದರು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನ, ಸುಮಾರು 47 ಟನ್, ಅಡವಿಡಲು ವಿಮಾನ ಹತ್ತಿಸಿದರು. ಆ ಸುದ್ದಿ ಪೇಪರಿನಲ್ಲಿ ಬಂದ ಬೆಳಗ್ಗೆ ನಮ್ಮ ಶಾಖೆಗೆ ಒಬ್ಬ ಅಜ್ಜಿ ಬಂದರು. ಲಾಕರ್ ಕೀ ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. "ಅಪ್ಪಾ, ನನ್ನ ಕಾಸಿನ ಸರಾನೂ ಲಂಡನ್‌ಗೆ ಹೋಯ್ತಾ?" ಅಂದರು. ಲಾಕರ್ ತೆಗೆದು ತೋರಿಸಿದ ಮೇಲೆ ಸಮಾಧಾನ. ಆದರೂ ಸರ ಕೊರಳಿಗೆ ಹಾಕಿಕೊಂಡೇ ಹೋದರು.

ಇನ್ನು ಮುಂದಿನದು ಗೊತ್ತಿರುವುದೇ. ರೂಪಾಯಿ ಬೆಲೆ ಇಳಿಸಿದರು, ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್.

ಬೀದರ ಬಿಸಿಲು · ರಾತ್ರಿ 11:14

ಹಂಗಾದ್ರ ಬೆಂಗಳೂರಾಗ ಐಟಿ ಬಂದಿದ್ದು ಸದ್ದಾಂನಿಂದ ಅಂತೀರೇನ್ರಿ ಸರ? ವಿಧಾನಸೌಧದ ಮುಂದ ಒಂದ್ ಮೂರ್ತಿ ನಿಲ್ಲಸ್ರಿ ಮತ್ತ.

ಹಳೇಪೇಪರ್ · ರಾತ್ರಿ 11:22

ಹಾಗೆ ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲೇ. ಸರ್ಕಾರ ಎಂಬತ್ತರ ದಶಕವಿಡೀ ಸಾಲ ಮಾಡಿ ತುಪ್ಪ ತಿಂದಿತ್ತು. ಸೋವಿಯತ್ ಒಕ್ಕೂಟ ಕುಸಿಯುತ್ತಿತ್ತು. ಬಾಣಲೆಯಲ್ಲಿ ಎಣ್ಣೆ ಮೊದಲೇ ಕಾದಿತ್ತು, ಸದ್ದಾಂ ಸಾಸಿವೆ ಹಾಕಿದ. ಸಿಡಿಯಿತು. ಅವನು ಹಾಕದಿದ್ದರೂ ಇವತ್ತಲ್ಲ ನಾಳೆ ಹೊಗೆ ಏಳುತ್ತಿತ್ತು.

ಆದರೆ ಈ "ಅವನಿಂದ ಆಯ್ತು" ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು. ಅವನು ಮಾಡಿದ್ದು ಬೇರೆ, ಅವನ ನೆಪದಲ್ಲಿ ಬೇರೆಯವರು ಮಾಡಿದ್ದು ಬೇರೆ.

ಕೋಡಿಕಡಲು · ರಾತ್ರಿ 11:40

ಹಳೇಪೇಪರ್ ಸರ್, ಅಜ್ಜಿ ಕತೆ ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಅಂದರು, "ನಾನು ಕರಿಮಣಿ ಒಂದು ಬಿಟ್ಟು ಉಳಿದದ್ದೆಲ್ಲ ಮಗುವಿನ ಲಂಗೋಟಿಯಲ್ಲಿ ಹೊಲಿದುಕೊಂಡು ಬಂದೆ." ತಂಗಿಗೆ ಆಗ ಎಂಟು ತಿಂಗಳು. ಬಸ್ರಾ ದಾರಿಯ ಚೆಕ್‌ಪೋಸ್ಟಿನಲ್ಲಿ ಸೈನಿಕರು ಚೀಲ ಎಲ್ಲ ಬಿಚ್ಚಿದರಂತೆ, ಒದ್ದೆ ಲಂಗೋಟಿ ಮುಟ್ಟಲಿಲ್ಲ.

ಬೀದರ ಬಿಸಿಲು · ರಾತ್ರಿ 11:43

ನಿಮ್ ಅವ್ವಗ ಒಂದು ದೊಡ್ಡ ನಮಸ್ಕಾರ ಹೇಳ್ರಿ.

ಶಿವಾಜಿನಗರ ಬಸ್‌ಸ್ಟ್ಯಾಂಡ್ · ಭಾನುವಾರ, ಬೆಳಗ್ಗೆ 7:50

ಬೆಂಗಳೂರಿಗೆ ಸದ್ದಾಂ ಬಂದಿದ್ದನ್ನು ನಾನು ಕಣ್ಣಾರೆ ಕಂಡವನು. ಯಾರೂ ಅದನ್ನು ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2006ರ ಡಿಸೆಂಬರ್ 30, ಅಲ್ಲಿನ ಸುನ್ನಿಗಳ ಬಕ್ರೀದ್ ದಿನವೇ ಗಲ್ಲಿಗೆ ಹಾಕಿದರು. ಹಬ್ಬದ ದಿನ. ಮೇಲಿಂದ ಯಾರೋ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ಬಿಟ್ಟರು. ನಮ್ಮ ಗಲ್ಲಿಯಲ್ಲಿ ಬ್ಲೂಟೂತ್‌ನಲ್ಲಿ ಫೋನಿನಿಂದ ಫೋನಿಗೆ ಹೋಯಿತು. ಅವನು ಬದುಕಿದ್ದಾಗ ಅವನ ಬಗ್ಗೆ ಒಂದು ಮಾತೂ ಆಡದವರು ಕೂಡ ಆ ವಿಡಿಯೊ ನೋಡಿ ಸುಮ್ಮನಾದರು. ಕೊಂದದ್ದು ಕೋರ್ಟೋ ದ್ವೇಷವೋ ಗೊತ್ತಾಗದ ಹಾಗಿತ್ತು.

2007ರ ಜನವರಿ 19, ಶುಕ್ರವಾರ. ಗಲ್ಲು ವಿರೋಧಿಸಿ ಇಲ್ಲಿ ಮೆರವಣಿಗೆ. ಕಲ್ಲು ಬಿತ್ತು, ಅಂಗಡಿ ಒಡೆದರು. ಭಾನುವಾರ ಬೇರೆ ಕಡೆಯವರ ಸಮಾವೇಶ ಇತ್ತು, ಮತ್ತೆ ಗಲಾಟೆ. ಗೋಲಿಬಾರ್ ಆಯಿತು, ಒಬ್ಬ ಚಿಕ್ಕ ಹುಡುಗ ಸತ್ತ. ಕರ್ಫ್ಯೂ. ಕುರ್ದರನ್ನು ಕೊಂದ, ಶಿಯಾಗಳನ್ನು ಕೊಂದ, ಪಕ್ಕದ ಮುಸ್ಲಿಂ ದೇಶಕ್ಕೆ ನುಗ್ಗಿದ ಮನುಷ್ಯನಿಗಾಗಿ ಬೆಂಗಳೂರಿನ ಒಂದು ಮಗು ಸತ್ತಿತು. ನಮ್ಮ ಅಬ್ಬಾ ಅವತ್ತು ಅಂಗಡಿ ಶಟರ್ ಎಳೆಯುತ್ತಾ, "ಬಾಗ್ದಾದ್‌ಗೂ ನಮಗೂ ಎಷ್ಟು ಕಿಲೋಮೀಟರ್?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಇನ್ನೊಂದು. ನನ್ನ ಚಿಕ್ಕಪ್ಪನ ಮಗ ಹುಟ್ಟಿದ್ದು 1991ರ ಫೆಬ್ರವರಿಯಲ್ಲಿ. ಹೆಸರು ಸದ್ದಾಂ. ಆ ವರ್ಷ ಹುಟ್ಟಿದ ಸದ್ದಾಂಗಳು ಕರ್ನಾಟಕದಲ್ಲಿ ಎಷ್ಟು ಜನ ಇದ್ದಾರೋ, ಯಾವ ಊರಿನ ಕ್ರಿಕೆಟ್ ಟೀಮ್ ನೋಡಿದರೂ ಒಬ್ಬ ಇರುತ್ತಾನೆ. ನನ್ನ ತಮ್ಮ ಓದಿನಲ್ಲಿ ಮುಂದು. ಇಂಟರ್‌ವ್ಯೂಗೆ ಹೋದರೆ ಹೆಸರು ಕೇಳಿ ಒಂದು ನಗು. ಒಂದು ಕಡೆ, "ವಿದೇಶಕ್ಕೆ ಕಳಿಸಬೇಕಾಗುತ್ತೆ, ನಿಮ್ಮ ಹೆಸರಿಗೆ ವೀಸಾ ಕಷ್ಟ" ಅಂತ ಮುಖದ ಮೇಲೇ ಅಂದರು. ಈಗ ಇಮೇಲ್‌ನಲ್ಲಿ ಬರೀ "ಎಸ್. ಹುಸೇನ್" ಅಂತ ಹಾಕುತ್ತಾನೆ. ಮನೆಯಲ್ಲಿ ಮಾತ್ರ ಸದ್ದು ಅಂತಲೇ ಕರೆಯುವುದು.

ಗಾಂಧಿಬಜಾರ್ ಕಾಫಿ · ಬೆಳಗ್ಗೆ 8:31

ಬಸ್‌ಸ್ಟ್ಯಾಂಡ್ ಅವರೇ, ಇದು ಓದಿ ಮನಸ್ಸು ಭಾರ ಆಯ್ತು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪರಪ್ಪನಂಗಾಡಿ ಅಂತ ಊರು, ಅಲ್ಲಿ ಒಂದು ಕಡಲತೀರಕ್ಕೇ "ಸದ್ದಾಂ ಬೀಚ್" ಅಂತ ಹೆಸರು ಬಿದ್ದಿದೆ. ನಾನು ಹೋಗಿದ್ದೇನೆ. ಮೀನು ಬಲೆ, ದೋಣಿ, ಬೋರ್ಡ್.

ನಾನು ಅವನನ್ನು ಮೆಚ್ಚಿದ್ದು ಎದುರು ನಿಂತ ಅನ್ನುವ ಕಾರಣಕ್ಕೆ. ಅದು ಈಗಲೂ ಬದಲಾಗಿಲ್ಲ. ಆಮೇಲೆ ಅಮೆರಿಕಾ ಮುಂದೆ ನಿಂತು ವಿಶ್ವಸಂಸ್ಥೆಯಿಂದ ಹಾಕಿಸಿದ ವ್ಯಾಪಾರ ನಿರ್ಬಂಧದಿಂದ 5 ಲಕ್ಷ ಮಕ್ಕಳು ಸತ್ತರಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಮಾಡರೇಟರ್ · ಬೆಳಗ್ಗೆ 8:40

2007ರ ಗಲಾಟೆಯಲ್ಲಿ ಯಾರು ಮೊದಲು ಕಲ್ಲು ಹೊಡೆದರು ಅಂತ ನಾಲ್ಕು ಉತ್ತರ ಬಂದಿದ್ದವು, ತೆಗೆದಿದ್ದೇನೆ. ಎಳೆ ಸದ್ದಾಂ ಬಗ್ಗೆ. ದಯವಿಟ್ಟು.

ಹಳೇಪೇಪರ್ · ಬೆಳಗ್ಗೆ 9:15

ಕಾಫಿ ಅವರೇ, 5 ಲಕ್ಷದ ಲೆಕ್ಕವನ್ನು ನಾನೂ ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಾ ತಿರುಗಿದವನು. ಅದಕ್ಕೆ ಬಲ ಕೊಟ್ಟಿದ್ದು 1999ರ ಒಂದು ಸಮೀಕ್ಷೆ. ಸದ್ದಾಂ ಆಳ್ವಿಕೆಯಲ್ಲಿ, ಅಲ್ಲಿನ ಸರ್ಕಾರದ ಕೈಯಲ್ಲೇ ನಡೆದದ್ದು. ಅವನು ಹೋದ ಮೇಲೆ ಮತ್ತೆ ಮತ್ತೆ ಮನೆಮನೆ ಸಮೀಕ್ಷೆ ಮಾಡಿದಾಗ ಅಷ್ಟು ದೊಡ್ಡ ಏರಿಕೆ ಕಾಣಲೇ ಇಲ್ಲ. ಅಂಕಿಗಳನ್ನು ತಿದ್ದಿದ್ದರು ಅಂತ ಸಂಶೋಧಕರು ಆಮೇಲೆ ಬರೆದರು. ಅಂದರೆ ನಿರ್ಬಂಧದಿಂದ ಜನಕ್ಕೆ ಕಷ್ಟ ಆಗಲಿಲ್ಲ ಅಂತಲ್ಲ. ತುಂಬಾ ಆಯಿತು. ಮೇಷ್ಟ್ರುಗಳು ಮನೆಯ ಪುಸ್ತಕ ತಂದು ಬಾಗ್ದಾದ್ ಬೀದಿಯಲ್ಲಿ ಹರಡಿ ಮಾರಿದರು. ಆದರೆ ಆ ಒಂದು ಅಂಕಿ ಮಾತ್ರ ಅವನು ಜಗತ್ತಿಗೆ ಮಾರಿದ ಸರಕು. ನಾವು ಕೊಂಡೆವು.

ನನ್ನ ಪ್ರಕಾರ ಅವನ ನಿಜವಾದ ಜಾಣತನ ಇದ್ದಿದ್ದೇ ಇಲ್ಲಿ. ತೋರಿಸುವುದರಲ್ಲಿ. 1979ರಲ್ಲಿ ಅಧ್ಯಕ್ಷನಾದ ಕೂಡಲೇ ಪಕ್ಷದ ಸಭೆ ಕರೆದ. ವೇದಿಕೆ ಮೇಲೆ ಚುರುಟು ಸೇದುತ್ತಾ ಕೂತ. ದ್ರೋಹಿಗಳ ಪಟ್ಟಿ ಅಂತ ಒಂದೊಂದೇ ಹೆಸರು ಓದಿಸಿದರು. ಹೆಸರು ಬಂದವನನ್ನು ಎಬ್ಬಿಸಿ ಹೊರಗೆ ಒಯ್ದರು. 60ಕ್ಕೂ ಹೆಚ್ಚು ಜನ. ಉಳಿದವರು ಎದ್ದು ನಿಂತು ಜೈಕಾರ ಹಾಕತೊಡಗಿದರು, ಬೆವರು ಒರೆಸಿಕೊಳ್ಳುತ್ತಾ. ಅವನು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ಇದನ್ನೆಲ್ಲ ಗುಟ್ಟಾಗಿ ಇಡಲಿಲ್ಲ ನೋಡಿ, ಕ್ಯಾಮೆರಾ ಇಟ್ಟು ತೆಗೆಸಿ ಕ್ಯಾಸೆಟ್ ಹಂಚಿಸಿದ.

ಪಿಯುಸಿ ಮೂರನೇ ಸಲ · ಬೆಳಗ್ಗೆ 10:02

ನಾನು ಹುಟ್ಟುವ ಮುಂಚೆ ನಡೆದದ್ದು ಇದೆಲ್ಲ. ಒಂದು ದಡ್ಡ ಪ್ರಶ್ನೆ: ಭಾರೀ ಅಸ್ತ್ರ ಬಚ್ಚಿಟ್ಟಿದ್ದಾನೆ ಅಂತಲೇ ಅಮೆರಿಕಾ 2003ರಲ್ಲಿ ಯುದ್ಧಕ್ಕೆ ಹೋಗಿದ್ದಲ್ವಾ? ಅವನ ಹತ್ತಿರ ಅಣುಬಾಂಬ್ ಇರಲೇ ಇಲ್ಲ ಅಂದಮೇಲೆ "ಇಲ್ಲ, ಬಂದು ನೋಡಿ" ಅಂತ ಬಾಗಿಲು ಪೂರ್ತಿ ತೆಗೆದಿದ್ದರೆ ಬದುಕುತ್ತಿದ್ದನಲ್ವಾ?

ದಾವಣಗೆರೆ ಟು ಡೆಟ್ರಾಯಿಟ್ · ಬೆಳಗ್ಗೆ 10:40

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಸೆರೆ ಸಿಕ್ಕ ಮೇಲೆ ಎಫ್‌ಬಿಐ ಅಧಿಕಾರಿ ಅವನನ್ನು ತಿಂಗಳುಗಟ್ಟಲೆ ಮಾತಾಡಿಸಿದ. ಆಗ ಹೇಳಿದ್ದು: ಭಯ ಇದ್ದಿದ್ದು ಅಮೆರಿಕಾದ್ದಲ್ಲ, ಇರಾನ್‌ದು. ಎಂಟು ವರ್ಷ ಹೊಡೆದಾಡಿದ ನೆರೆಮನೆ. ಕೈ ಖಾಲಿ ಅಂತ ಇರಾನ್‌ಗೆ ಗೊತ್ತಾಗಬಾರದು. ಹಾಗಾಗಿ "ಇದೆ" ಅನ್ನಲಿಲ್ಲ, "ಇಲ್ಲ" ಅಂತ ನಂಬುವ ಹಾಗೂ ಮಾಡಲಿಲ್ಲ. 2003ರ ಫೆಬ್ರವರಿ 5ಕ್ಕೆ ಅಮೆರಿಕಾದ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಇಂಥ ರೋಗಾಣು ಅಸ್ತ್ರ ಇರಾಕ್ ಹತ್ತಿರ ಇದೆ ಅಂತ ಸಣ್ಣ ಸೀಸೆ ಎತ್ತಿ ತೋರಿಸಿದ. ಮಾರ್ಚ್‌ನಲ್ಲಿ ಯುದ್ಧ. 2004ರಲ್ಲಿ ಅಮೆರಿಕಾದವರದ್ದೇ ತಂಡ ಹುಡುಕಿ ಹುಡುಕಿ, ದಾಸ್ತಾನು ಏನೂ ಇಲ್ಲ ಅಂತ ವರದಿ ಕೊಟ್ಟಿತು.

ಈಗ ಪ್ರಭಾವದ ಮಾತು. ಅವನು ಗುಂಡಿಯೊಳಗಿಂದ ಸಿಕ್ಕಿದ್ದು 2003ರ ಡಿಸೆಂಬರ್ 13. ಆರು ದಿನ ಆದಮೇಲೆ ಲಿಬಿಯಾದ ಗಡಾಫಿ ತನ್ನ ಅಣು ಕಾರ್ಯಕ್ರಮ ಬಿಟ್ಟೆ ಅಂತ ಘೋಷಿಸಿದ. ಮಾತುಕತೆ ಮೊದಲಿಂದ ನಡೆಯುತ್ತಿತ್ತು, ಆದರೂ ನೋಡಿ. 2011ರಲ್ಲಿ ಗಡಾಫಿ ಕತೆಯೂ ಮುಗಿಯಿತು. ಇದನ್ನೆಲ್ಲ ದೂರದಲ್ಲಿ ಕೂತು ಉತ್ತರ ಕೊರಿಯಾ ನೋಡುತ್ತಿತ್ತು. 2016ರ ಜನವರಿಯಲ್ಲಿ ಬಾಂಬ್ ಪರೀಕ್ಷೆ ಮಾಡಿ ಅವರ ಸರ್ಕಾರಿ ಸುದ್ದಿಸಂಸ್ಥೆ ಹೆಸರು ಹಿಡಿದೇ ಬರೆಯಿತು: ಸದ್ದಾಂ, ಗಡಾಫಿ ಇಬ್ಬರೂ ಅಣು ಬಿಟ್ಟಿದ್ದಕ್ಕೇ ಹಾಳಾದರು ಅಂತ. ಅವನು ಬದುಕಿದ್ದಾಗ ಕಲಿಸಿದ್ದಕ್ಕಿಂತ ಸತ್ತು ಕಲಿಸಿದ್ದೇ ಜಾಸ್ತಿ.

ಪಿಯುಸಿ ಮೂರನೇ ಸಲ · ಬೆಳಗ್ಗೆ 10:44

ಅಂದರೆ ಇಲ್ಲದ ಬಾಂಬಿನಿಂದ ಅವನು ಸತ್ತ, ಅದನ್ನು ನೋಡಿ ಇನ್ನೊಬ್ಬ ನಿಜವಾದ ಬಾಂಬ್ ಮಾಡಿಕೊಂಡ. ನಮ್ಮ ಹಿಸ್ಟರಿ ಸರ್ ಹೀಗೆ ಹೇಳಿದ್ದರೆ ಎರಡನೇ ಸಲಕ್ಕೇ ಪಾಸಾಗುತ್ತಿದ್ದೆ.

ಬೀದರ ಬಿಸಿಲು · ಮಧ್ಯಾಹ್ನ 1:10

ಟಿವಿ ಸುದ್ದಿ ಮರತ್ರಲ್ಲ. 1991ರ ಜನವರಿಯಾಗ ಬಾಗ್ದಾದ್ ಮ್ಯಾಲ ಬಾಂಬ್ ಬೀಳೋದು ಸಿಎನ್‌ಎನ್‌ದಾಗ ಲೈವ್ ಬಂತು. ಹೋಟೆಲ್ ಕಿಟಕಿಯಿಂದ ವರದಿ. ನಮ್ ದೇಶದಾಗ ದೊಡ್ಡ ದೊಡ್ಡ ಹೋಟೆಲಿನವರು ಡಿಶ್ ಹಾಕ್ಸಿದ್ದು ಅದನ್ನ ನೋಡ್ಲಿಕ್ಕೇ. ಆಮ್ಯಾಲ ಓಣಿ ಓಣಿಗೆ ಕೇಬಲ್ ವೈರು. ದೂರದರ್ಶನ ಬಿಟ್ರ ಬ್ಯಾರೆ ಚಾನೆಲ್ ಅದಾವ ಅಂತ ಜನಕ್ಕ ಗೊತ್ತಾಗಿದ್ದೇ ಆಗ. "ಮದರ್ ಆಫ್ ಆಲ್ ಬ್ಯಾಟಲ್ಸ್" ಅಂದವ ಅಂವನೇ ಅಲ್ಲೇನ್ರಿ? ಈಗ ಸೇಲ್ ಬೋರ್ಡಿನಾಗೂ ಮದರ್ ಆಫ್ ಆಲ್ ಸೇಲ್ಸ್ ಅಂತ ಹಾಕ್ತಾರ. ಯುದ್ಧ ಸೋತ, ಮಾತು ಗೆದ್ದ.

ದಾವಣಗೆರೆ ಟು ಡೆಟ್ರಾಯಿಟ್ · ಮಧ್ಯಾಹ್ನ 2:25

ಕೋಡಿಕಡಲು ಅವರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅನಿಸಿತು. ಆ ದುಡ್ಡಿನದ್ದು. ನಮ್ಮ ಮನೆ ಹತ್ತಿರ ಒಂದು ದಿನಸಿ ಅಂಗಡಿ ಇದೆ. ಮಾಲೀಕರು ಮೋಸುಲ್ ಕಡೆಯ ಕಾಲ್ಡಿಯನ್ ಕ್ರೈಸ್ತರು. 2003ರ ನಂತರ ಅಲ್ಲಿ ಇರಲಾಗದೆ ಬಂದವರು. ನಿಮ್ಮ ಪೋಸ್ಟ್ ಓದಿ ಬೆಳಗ್ಗೆ ಹಾಲಿಗೆ ಹೋದಾಗ ಅವರಿಗೆ ಹೇಳಿದೆ: ನನ್ನ ದೇಶದ ಒಬ್ಬರ ಮನೆ ತಾರಸಿ ನಿಮ್ಮ ಎಣ್ಣೆಯದ್ದಂತೆ.

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಬಿಲ್ ಹಾಕುತ್ತಾ ಹಾಕುತ್ತಾ ಹೇಳಿದರು. ಅವರಣ್ಣ ಇರಾನ್ ಯುದ್ಧದಲ್ಲಿ ಸತ್ತ. ಸತ್ತವರ ಮನೆಗೆ ಸದ್ದಾಂ ಸರ್ಕಾರ ಕಾರು ಕೊಡುತ್ತಿತ್ತಂತೆ. "ನಮ್ಮಮ್ಮ ಆ ಕಾರಲ್ಲಿ ಒಂದು ದಿನವೂ ಕೂರಲಿಲ್ಲ." ಕುವೈತ್ ಯುದ್ಧಕ್ಕೆ ಇವರನ್ನು ಕರೆದರು, ಸೇನೆ ಬಿಟ್ಟು ಊರಿಗೆ ಓಡಿಬಂದರು. ಅವನು ಹೋದ ಮೇಲೆ 2003ರ ಮೇ ತಿಂಗಳಲ್ಲಿ ಅಮೆರಿಕಾದವರು ಇಡೀ ಸೇನೆಯನ್ನೇ ಬರಖಾಸ್ತು ಮಾಡಿದರು. ಬಂದೂಕು ಗೊತ್ತಿದ್ದ ಲಕ್ಷಗಟ್ಟಲೆ ಗಂಡಸರು ಸಂಬಳ ಇಲ್ಲದೆ ಬೀದಿಗೆ. ಅವರಲ್ಲಿ ಕೆಲವು ಹಳೇ ಅಧಿಕಾರಿಗಳು ಮುಂದೆ ಐಸಿಸ್‌ನಲ್ಲಿ ದೊಡ್ಡ ಜಾಗಕ್ಕೆ ಬಂದರು. 2014ರಲ್ಲಿ ಮೋಸುಲ್ ಐಸಿಸ್ ಕೈಗೆ ಹೋಯಿತು. ಅವರ ಊರಿನ ಚರ್ಚಿನಲ್ಲಿ ಈಗ ಗಂಟೆ ಬಾರಿಸಲು ಜನ ಇಲ್ಲ.

ಅವನ ಕಾಲದಲ್ಲಿ ಚರ್ಚಿಗೆ ತೊಂದರೆ ಇರಲಿಲ್ಲ, ಅವನ ಮಂತ್ರಿ ತಾರಿಕ್ ಅಜೀಜ್ ನಿಮ್ಮವರೇ ಅಲ್ವಾ ಅಂತ ಕೇಳಿದೆ. "ಹೌದು. ಬೆಕ್ಕಿನ ಮನೆಯಲ್ಲಿ ಗಿಳಿ ಕ್ಷೇಮವಾಗಿತ್ತು, ಬೆಕ್ಕಿಗೆ ಹೊಟ್ಟೆ ತುಂಬಿರುವವರೆಗೆ" ಅಂದರು. ಪರಿಹಾರದ ದುಡ್ಡಿನ ಬಗ್ಗೆ ಒಂದೇ ಮಾತು: "ಕೊಡಬೇಕಾಗಿದ್ದೇ. ಆದರೆ ಕೊಟ್ಟವನು ನಾನು ಅಂತ ಅವರಿಗೆ ತಿಳಿಸಿ."

ತಿಳಿಸಿದ್ದೇನೆ.

ಹಳೇಪೇಪರ್ · ಮಧ್ಯಾಹ್ನ 3:00

ಲೆಕ್ಕ ಪೂರ್ತಿ ಮಾಡಿಬಿಡುತ್ತೇನೆ, ಬ್ಯಾಂಕ್ ಬುದ್ಧಿ. ಆ ಆಯೋಗ ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 52.4 ಬಿಲಿಯನ್ ಡಾಲರ್ ಮಂಜೂರು ಮಾಡಿತು. 30 ಪಾಲು ಆಮೇಲೆ 25ಕ್ಕೆ ಇಳಿಯಿತು, 2003ರ ನಂತರ 5ಕ್ಕೆ. ಕೊನೆಯ ಕಂತು ಕುವೈತ್‌ಗೆ ಹೋಗಿದ್ದು 2022ರಲ್ಲಿ. ಅವನು ನೇಣಿಗೇರಿ 15 ವರ್ಷ ಆಗಿತ್ತು. 1990ರಲ್ಲಿ ಹುಟ್ಟಿಯೇ ಇರದ ಮಕ್ಕಳು ದೊಡ್ಡವರಾಗಿ ಆ ಕಂತು ಕಟ್ಟಿದರು.

ಕೋಡಿಕಡಲು · ಭಾನುವಾರ, ರಾತ್ರಿ 8:55

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮಂಜು, ಅದಕ್ಕೆ ನಾನೇ ಓದಬೇಕು. ಅಂಗಡಿಯವರ ಮಾತು ಬಂದಾಗ ಇನ್ನೊಮ್ಮೆ ಓದು ಅಂದರು. ಆಮೇಲೆ ಎದ್ದು ಹೋಗಿ ಕಪಾಟಿನಿಂದ ಹಳೇ ಪಾಸ್‌ಪೋರ್ಟ್ ತಂದರು. ಒಳಗೆ ಒಂದು ನೋಟು. 25 ಇರಾಕಿ ದಿನಾರ್. ಬಲಗಡೆ ಸದ್ದಾಂ ಮುಖ, ನಡುವೆ ಕುದುರೆ ಸವಾರರು. ನಾನು ನೋಡಿಯೇ ಇರಲಿಲ್ಲ.

ಬಾಗ್ದಾದ್‌ನಿಂದ ಜೋರ್ಡಾನ್ ಗಡಿಗೆ ಹೋದ ಬಸ್ಸಿನ ಡ್ರೈವರ್ ಕೊಟ್ಟ ಚಿಲ್ಲರೆಯಂತೆ. ಬಾಡಿಗೆಗೆ ಅಪ್ಪ 20ರ ಕುವೈತ್ ನೋಟು ಕೊಟ್ಟಿದ್ದರಂತೆ.

ಪಿಯುಸಿ ಮೂರನೇ ಸಲ · ರಾತ್ರಿ 9:01

20 ಕೊಟ್ಟರೆ 25 ಚಿಲ್ಲರೆ ವಾಪಸ್? ಬಾಡಿಗೆನೂ ಮುರಿದುಕೊಂಡು? ನಾನು ಗಣಿತದಲ್ಲಿ ಫೇಲ್ ಆಗಿದ್ದು ಇದಕ್ಕೇ.

ಹಳೇಪೇಪರ್ · ರಾತ್ರಿ 9:08

ದಿನಾರ್ ಎರಡೂ ಬೇರೆ ಬೇರೆ, ಮರಿ. ಒಂದು ಕುವೈತ್ ದಿನಾರ್‌ಗೆ ಮೊದಲು ಕಾಳಸಂತೆಯಲ್ಲಿ ಹತ್ತಕ್ಕೂ ಜಾಸ್ತಿ ಇರಾಕಿ ದಿನಾರ್ ಸಿಗುತ್ತಿತ್ತು. ಕುವೈತ್ ನುಂಗಿದ ಮೇಲೆ ಸದ್ದಾಂ ಒಂದಕ್ಕೆ ಒಂದು ಅಂತ ಆಜ್ಞೆ ಮಾಡಿದ. ಒಂದೇ ರಾತ್ರಿಯಲ್ಲಿ ಕುವೈತ್‌ನಲ್ಲಿದ್ದವರ ಉಳಿತಾಯ ಹತ್ತನೇ ಒಂದು ಪಾಲಿಗೂ ಕಮ್ಮಿ. ಆ ಡ್ರೈವರ್ ಆಜ್ಞೆ ಪ್ರಕಾರ ನಡೆದಿದ್ದರೆ ಏನೂ ವಾಪಸ್ ಕೊಡಬೇಕಾಗಿರಲಿಲ್ಲ. ಅವನು ಹಳೇ ಬೆಲೆಯ ಲೆಕ್ಕ ಹಿಡಿದಿದ್ದಾನೆ. ಆಗ ಅದಕ್ಕೆ ಧೈರ್ಯ ಬೇಕಿತ್ತು.

ಆ 25ರ ನೋಟು ಈಗ ನಡೆಯುವುದಿಲ್ಲ. 1993ರ ಮೇ ತಿಂಗಳಲ್ಲಿ ಗಡಿ ಮುಚ್ಚಿ ಆ ನೋಟನ್ನೇ ರದ್ದು ಮಾಡಿದರು. ಹೊರಗಿದ್ದವರ ಕೈಯಲ್ಲಿ ಇದ್ದದ್ದೆಲ್ಲ ಕಾಗದ.

ಬೀದರ ಬಿಸಿಲು · ರಾತ್ರಿ 9:12

ಫೋಟೊ ಹಾಕ್ರಿ ಅದರದು. ಡ್ರೈವರ್ ಹೆಸರ ನೆನಪದ ಏನ್ರಿ ಅಪ್ಪಾರಿಗೆ?

ಕೋಡಿಕಡಲು · ರಾತ್ರಿ 9:30

ಹೆಸರು ಕೇಳಲಿಲ್ಲವಂತೆ. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ, ಇರಾನ್ ಗಡಿಯಲ್ಲಿ ಹೋದವು ಅಂತ ಸನ್ನೆ ಮಾಡಿ ತೋರಿಸಿದ್ದನಂತೆ. ತಂಗಿಗೆ ಹಾಲಿನ ಪುಡಿ ಕಲಸಲು ತನ್ನ ಕುಡಿಯುವ ನೀರು ಕೊಟ್ಟ ಅಂತ ಅಮ್ಮ ಸೇರಿಸಿದರು.

ಫೋಟೊ ತೆಗೆಯುತ್ತೇನೆ ಅಂದೆ. ಅಪ್ಪ ನೋಟು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. "ಗಡಿಯಲ್ಲಿ ಇಳಿಯುವಾಗ ಗಡಿಬಿಡಿ. ಚಿಲ್ಲರೆ ನೀನೇ ಇಟ್ಕೋ ಅನ್ನಬೇಕಿತ್ತು, ಅನ್ನಲಿಲ್ಲ" ಅಂದರು. ಮತ್ತೆ ಪಾಸ್‌ಪೋರ್ಟ್ ಒಳಗೆ ಇಟ್ಟು ಕಪಾಟಿಗೆ ಬೀಗ ಹಾಕಿದರು. ಹಾಗಾಗಿ ಫೋಟೊ ಇಲ್ಲ.